ಹೊರದೇಶದಲ್ಲಿ ಕಾಯಿಲೆ ಸುದ್ದಿ: ಹೊರಡಬೇಕಾ, ಮುಂದೂಡಬೇಕಾ?

ಹಾಸನ, ಚಿಕ್ಕಮಗಳೂರು ಕಡೆ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಟಿಕೆಟ್ ಮಾಡಿಸಿ, ಚಟ್ನಿಪುಡಿ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಟ್ಟಿರುತ್ತಾರೆ, ಅಷ್ಟರಲ್ಲಿ ಆ ದೇಶದಲ್ಲಿ ಕಾಯಿಲೆ ಹಬ್ಬಿದೆ ಅಂತ ಟಿವಿಯಲ್ಲಿ ಸುದ್ದಿ ಬರುತ್ತದೆ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಾಬರಿಯಲ್ಲಿ ಟಿಕೆಟ್ ರದ್ದು ಮಾಡಬೇಡಿ, ಏನೂ ಆಗಲ್ಲ ಬಿಡಿ ಅಂತ ಹೊರಡಲೂ ಬೇಡಿ. ಹೀಗೆ ನೋಡಿಕೊಂಡು ಬನ್ನಿ.

ಮೊದಲು, ಕಾಯಿಲೆ ಇರುವ ಊರು ಯಾವುದು ಅಂತ ತಿಳಿದುಕೊಳ್ಳಿ. ದೇಶದ ಹೆಸರು ಸಾಲದು. 2025ರಲ್ಲಿ ಅಮೆರಿಕದಲ್ಲಿ ದಡಾರ ಹೆಚ್ಚಾದಾಗ ಶುರುವಿನಲ್ಲಿ ಜೋರಾಗಿದ್ದದ್ದು ಟೆಕ್ಸಾಸ್‌ನ ಪಶ್ಚಿಮ ಭಾಗದಲ್ಲಿ. ಕೊಪ್ಪ, ಎನ್.ಆರ್.ಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡರೆ ಬೆಂಗಳೂರಿನವರು ಬಾಗಿಲು ಹಾಕಿಕೊಂಡು ಕೂರುವುದಿಲ್ಲ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ, ಆ ದೇಶದ ಆರೋಗ್ಯ ಇಲಾಖೆ, ಅಲ್ಲಿರುವ ಭಾರತದ ರಾಯಭಾರ ಕಚೇರಿ ಏನು ಹೇಳಿವೆ ಅಂತ ವೆಬ್‌ಸೈಟ್‌ನಲ್ಲೇ ಓದಿ, ಯಾವ ದಿನಾಂಕದ್ದು ಅಂತಲೂ ನೋಡಿ. ಹಳೆಯ ವಿಡಿಯೊಗಳು ವಾಟ್ಸಾಪ್‌ನಲ್ಲಿ ಸುಮ್ನೆ ಸುತ್ತುತ್ತಿರುತ್ತವೆ.

ಆಮೇಲೆ, ಅದು ಹರಡುವುದು ಹೇಗೆ? ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಡೆಂಗಿ ಆದರೆ ಹಗಲು ಕಚ್ಚುವ ಸೊಳ್ಳೆ, ಹಾಗಾಗಿ ತುಂಬುತೋಳಿನ ಬಟ್ಟೆ, ಸೊಳ್ಳೆ ಕಚ್ಚದಂತೆ ಹಚ್ಚುವ ಕ್ರೀಮ್ ಇದ್ದರೆ ಎಷ್ಟೋ ವಾಸಿ. ಕಾಲರಾ ಆದರೆ ನೀರು, ಊಟದ ಮೇಲೆ ಗಮನ. ಎಬೋಲಾ ಬರುವುದು ರೋಗಿಯ ರಕ್ತ, ವಾಂತಿಯಂಥವು ತಾಗಿದಾಗ. ದಡಾರದ ಕಥೆ ಬೇರೆ: ಗಾಳಿಯಲ್ಲೇ ಹರಡುತ್ತದೆ, ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆ ತನಕ ವೈರಸ್ ಅಲ್ಲೇ ಇರಬಹುದು.

ಹೋಗುವವರು ಯಾರು ಅನ್ನುವುದು ಇನ್ನೂ ಮುಖ್ಯ. ಗರ್ಭಿಣಿಯರು ಸೊಳ್ಳೆಯಿಂದ ಹರಡುವ ಜಿಕಾ ವೈರಸ್ ಇರುವ ಕಡೆಗೆ ಹೋಗದಿರುವುದೇ ಒಳ್ಳೆಯದು. 2015-16ರಲ್ಲಿ ಬ್ರೆಜಿಲ್‌ನಲ್ಲಿ ಅದರಿಂದ ತಲೆ ಚಿಕ್ಕದಾಗಿ ಹುಟ್ಟಿದ ಮಕ್ಕಳನ್ನು ಜಗತ್ತೇ ನೋಡಿದೆ. ಶುಗರ್, ಬಿಪಿ ಇರುವವರು ನಿಮ್ಮನ್ನು ನೋಡುವ ಡಾಕ್ಟರ್ ಹತ್ತಿರ ಮಾತಾಡದೆ ಹೊರಡಬೇಡಿ. ಬಾಣಂತನಕ್ಕೆ ಹೋಗುವವರು ಇನ್ನೊಂದು ವಿಷಯ ಯೋಚಿಸಲೇಬೇಕು. ಹಸುಗೂಸಿಗೆ ದಡಾರದ ಲಸಿಕೆ ಆಗಿರುವುದಿಲ್ಲ, ನಮ್ಮಲ್ಲಿ ಮೊದಲ ಡೋಸ್ ಕೊಡುವುದೇ 9 ತಿಂಗಳು ತುಂಬಿದ ಮೇಲೆ. ದಾರಿಯಲ್ಲಿ ನಿಮಗೆ ಅಂಟಿದ್ದು ನಿಮ್ಮ ಮಡಿಲಲ್ಲಿ ಮಲಗುವ ಮಗುವಿಗೆ ಹೋಗಬಹುದು. ನಿಮಗೆ ಯಾವ ಲಸಿಕೆ ಬೇಕು ಅಂತ ಆರೆಂಟು ವಾರ ಮೊದಲೇ ಕೇಳಿ.

ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಊರಿನ ಕ್ಲಿನಿಕ್‌ನಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು, ಬೆಂಗಳೂರಿನಲ್ಲಿ ಇದೆ. ಚುಚ್ಚಿಸಿಕೊಂಡು 10 ದಿನ ಆದ ಮೇಲಷ್ಟೇ ಸರ್ಟಿಫಿಕೇಟ್ ನಡೆಯುತ್ತದೆ, ಆಮೇಲೆ ಜೀವನಪೂರ್ತಿ ಸಾಕು. ಅದಿಲ್ಲದೆ ಆ ದೇಶಗಳಿಂದ ಬಂದವರನ್ನು ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. 60 ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಡಾಕ್ಟರ್ ಸರಿ ಅಂದ ಮೇಲೆ ಹಾಕಿಸಿ.

ಈಗ ದುಡ್ಡಿನ ಮಾತು. ವಿಮಾನವನ್ನು ಕಂಪನಿಯವರೇ ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ವಾಪಸ್ ಸಿಗುತ್ತದೆ, ನೀವಾಗಿ ರದ್ದು ಮಾಡಿದರೆ ಕಡಿತ ಆಗುತ್ತದೆ. ಅದಕ್ಕೇ ದಿನಾಂಕ ಬದಲಿಸಲು ಎಷ್ಟು, ಯಾವತ್ತಿನ ತನಕ ಅವಕಾಶ ಇದೆ ಅಂತ ಏಜೆಂಟ್ ಹತ್ತಿರ ಇವತ್ತೇ ಕೇಳಿ. ಟ್ರಾವೆಲ್ ಇನ್ಶೂರೆನ್ಸ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಭಯಕ್ಕೆ ರದ್ದು ಮಾಡಿದರೆ ಬಹುತೇಕ ಪಾಲಿಸಿಗಳು ಕೊಡುವುದಿಲ್ಲ, ಸುದ್ದಿ ಬಂದ ಮೇಲೆ ಮಾಡಿಸಿದ ಪಾಲಿಸಿ ಆ ಕಾಯಿಲೆಯನ್ನೇ ಬಿಟ್ಟಿರಬಹುದು. ಮೊದಲೇ ಇರುವ ಶುಗರ್, ಹೃದಯದ ತೊಂದರೆಗೆ ಖರ್ಚು ಕೊಡುತ್ತಾರಾ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲೇ ಇರಲಿ.

ಕೊನೆಗೆ, ಟಿಕೆಟ್ ಬದಲಿಸುವ ಗಡುವಿಗೆ ಎರಡು ದಿನ ಮುಂಚೆ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಮಗಳಿರುವ ಊರಿಗೇ ಕಾಯಿಲೆ ಬಂದಿದ್ದರೆ, ಅಲ್ಲಿ ಆಸ್ಪತ್ರೆ ತುಂಬಿದ್ದರೆ, ಇಳಿದವರನ್ನು ಪ್ರತ್ಯೇಕ ಇರಿಸುತ್ತಿದ್ದರೆ ಮುಂದೂಡಿ. ನಿಮಗೇ ಜ್ವರ ಇದ್ದರೂ ಅಷ್ಟೇ. ಹೊರಟರೆ ಎರಡು ಮೂರು ವಾರಕ್ಕೆ ಹೆಚ್ಚುವರಿ ಮಾತ್ರೆ, ಡಾಕ್ಟರ್ ಚೀಟಿ ಸಮೇತ, ಕೈಚೀಲದಲ್ಲೇ ಇರಲಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಯಾವ ದೇಶದಿಂದ ಯಾವಾಗ ಬಂದಿರಿ ಅಂತ ಡಾಕ್ಟರ್‌ಗೆ ಮೊದಲ ಮಾತಿನಲ್ಲೇ ಹೇಳಿ; ಎಬೋಲಾದಂಥ ಕಾಯಿಲೆ 21 ದಿನದ ತನಕವೂ ಕಾಣಿಸಿಕೊಳ್ಳಬಹುದು.