ಬಿಪಿಎಲ್ ಕಾರ್ಡ್: ಅರ್ಜಿಗೆ ಮೊದಲೇ ಮುಗಿಸಬೇಕಾದ ಕೆಲಸ

ಬಿಪಿಎಲ್ ಕಾರ್ಡ್‌ಗೆ ಅರ್ಜಿ ಹಾಕುವುದು ದೊಡ್ಡ ಕೆಲಸ ಅಲ್ಲ. ಅರ್ಜಿ ಹಾಕುವ ದಿನಕ್ಕೆ ಎಲ್ಲಾ ದಾಖಲೆಯೂ ಒಂದೇ ಮಾತು ಹೇಳುವ ಹಾಗೆ ಇಟ್ಟುಕೊಳ್ಳುವುದೇ ಕೆಲಸ.

ನಾವು ಪಾಂಡವಪುರ ತಾಲ್ಲೂಕಿನವರು. ಈಗ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮವರದು ಪೇಂಟಿಂಗ್ ಕೆಲಸ, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಮ್ಮಿಬ್ಬರ ಹೆಸರು, ಮಗನ ಹೆಸರು ಎಲ್ಲಾ ಊರಲ್ಲಿ ಅತ್ತೆಯ ಕಾರ್ಡಿನಲ್ಲೇ ಇತ್ತು. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದಾಗ ಆ ದುಡ್ಡೂ ಕಾರ್ಡಿನ ಯಜಮಾನಿ ಅಂತ ಅತ್ತೆಯ ಖಾತೆಗೇ ಹೋಗುತ್ತಿತ್ತು. ಗೃಹಲಕ್ಷ್ಮಿಯ 2000ವೂ ಅಷ್ಟೇ, ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ. ಅತ್ತೆಗೆ ಬಂದದ್ದಕ್ಕೆ ನನಗೆ ಬೇಸರ ಇಲ್ಲ. ಆದರೆ ಬೇರೆ ಒಲೆ ಹಚ್ಚಿದ ಮೇಲೆ ಬೇರೆ ಕಾರ್ಡ್ ಬೇಕೇ ಬೇಕು, ಅಲ್ವಾ?

ಮೊದಲು ನೋಡಿದ್ದು ನಮಗೆ ಅರ್ಹತೆ ಇದೆಯಾ ಅಂತ. ವರ್ಷದ ಆದಾಯ 1.20 ಲಕ್ಷ ದಾಟಿರಬಾರದು. ಮನೆಯಲ್ಲಿ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಇರಬಾರದು. ಏಳೂವರೆ ಎಕರೆಗಿಂತ ಜಾಸ್ತಿ ಒಣ ಭೂಮಿ ಇರಬಾರದು, ನೀರಾವರಿ ಜಮೀನಾದರೆ ಈ ಮಿತಿ ಇನ್ನೂ ಕಡಿಮೆ. ಪಟ್ಟಣದಲ್ಲಿ 1000 ಚದರಡಿ ಮೀರಿದ ಸ್ವಂತ ಮನೆ ಇರಬಾರದು. ವೈಟ್ ಬೋರ್ಡ್ ಕಾರು ಇದ್ದರೆ ಸಿಗಲ್ಲ, ಹೊಟ್ಟೆಪಾಡಿಗೆ ಓಡಿಸುವ ಒಂದು ಎಲ್ಲೋ ಬೋರ್ಡ್ ಗಾಡಿಗೆ ಅಡ್ಡಿ ಇಲ್ಲ. ಬೈಕ್, ಟಿವಿ, ಫ್ರಿಜ್ ಇದ್ದರೆ ಕಾರ್ಡ್ ಹೋಗುತ್ತೆ ಅಂತ ಈಗಲೂ ಎಷ್ಟೋ ಜನ ಹೆದರುತ್ತಾರೆ. 2021ರಲ್ಲಿ ಹಾಗೊಂದು ಹೇಳಿಕೆ ಬಂದಿದ್ದು ನಿಜ, ಜನ ವಿರೋಧ ಮಾಡಿದ ಮೇಲೆ ಅದು ಅಲ್ಲಿಗೇ ನಿಂತಿತು. ಅದಕ್ಕೆ ಹೆದರಿ ಸುಮ್ಮನೆ ಕೂರಬೇಡಿ.

ನಾವು ಶುರು ಮಾಡಿದ್ದು ಆಧಾರ್‌ನಿಂದ. ಬಾಡಿಗೆ ಕರಾರು ಪತ್ರ ಕೊಟ್ಟು ಇಬ್ಬರ ವಿಳಾಸವನ್ನೂ ಮೈಸೂರಿಗೆ ಬದಲಾಯಿಸಿಕೊಂಡೆವು. ಅದಾದ ಮೇಲೆ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ವಿಳಾಸ ಊರಿನದು, ವಾಸ ಇಲ್ಲಿ ಅಂದರೆ ವಿಚಾರಣೆ ಮಾಡುವವರು ಯಾರ ಮನೆ ಬಾಗಿಲಿಗೆ ಹೋಗಬೇಕು? ಆದಾಯ ಕೇಳಲು ಬಂದವರಿಗೆ ನಮ್ಮವರು ಇದ್ದದ್ದು ಇದ್ದ ಹಾಗೆ ಹೇಳಿದರು: ದಿನಕ್ಕೆ ಎಷ್ಟು ಕೂಲಿ, ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಇರಲ್ಲ, ಎಲ್ಲಾನೂ. ಪತ್ರ ಕೈಗೆ ಬಂದ ತಕ್ಷಣ ಅದರ ಮೇಲಿನ ಆರ್‌ಡಿ ನಂಬರನ್ನು ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಂಡೆ. ಮುಂದೆ ಎಲ್ಲಿ ಹೋದರೂ ಕೇಳುವುದು ಆ ನಂಬರನ್ನೇ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ.

ಹೊಸ ಕಾರ್ಡಿನ ಅರ್ಜಿ ವರ್ಷವಿಡೀ ತೆಗೆದಿರಲ್ಲ. ಆಹಾರ ಇಲಾಖೆ ಆಗಾಗ ಬಿಡುತ್ತದೆ, ಕೆಲವೊಮ್ಮೆ ದಿನಕ್ಕೆ ಕೆಲವೇ ಗಂಟೆ, ಅಷ್ಟರಲ್ಲಿ ಸರ್ವರ್ ಬೇರೆ ಕೈಕೊಡುತ್ತದೆ. ಹಾಗಾಗಿ ಹಳೇ ಕಾರ್ಡಿನಿಂದ ಹೆಸರು ತೆಗೆಸುವ ಆತುರ ಬೇಡ. ಮೊದಲೇ ತೆಗೆಸಿ, ಅರ್ಜಿ ಬಿಡದೇ ಹೋದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ, ಅಷ್ಟು ದಿನದ ಅಕ್ಕಿ ಹೋದಂತೆಯೇ. ನಾವು ಕಾಯುವಷ್ಟು ದಿನವೂ ಅತ್ತೆಯ ಕಾರ್ಡ್ ನಂಬರ್ ಹೇಳಿ ಇಲ್ಲೇ ಮೈಸೂರಿನ ನ್ಯಾಯಬೆಲೆ ಅಂಗಡಿಯಲ್ಲಿ ತಂಬ್ ಕೊಟ್ಟು ಪಡಿತರ ತಂದೆವು. ರಾಜ್ಯದ ಯಾವ ಅಂಗಡಿಯಲ್ಲಾದರೂ ತರಬಹುದು, ಅದು ನಮ್ಮ ಹಕ್ಕು. ಒಂದು ಅಂಗಡಿಯವರು "ನಿಮ್ಮ ಊರಿಗೇ ಹೋಗಿ" ಅಂದರು. ಪಕ್ಕದ ಬೀದಿಯ ಅಂಗಡಿಯವರು ಏನೂ ಕೇಳದೆ ಕೊಟ್ಟರು. ಆದರೆ ಒಂದೇ ಕಾರ್ಡ್ ಅಲ್ವಾ, ಎಲ್ಲರ ಪಾಲನ್ನೂ ನಾವೇ ಇಲ್ಲಿ ಎತ್ತಿ, ಅತ್ತೆ ಮಾವನ ಪಾಲು ಊರಿಗೆ ತಲುಪಿಸುತ್ತಿದ್ದೆವು.

ಅರ್ಜಿ ಬಿಟ್ಟಿದ್ದಾರೆ ಅಂತ ಗೊತ್ತಾದಾಗ ಅತ್ತೆಯನ್ನು ಕರೆದುಕೊಂಡು ಹೋಗಿ ಹೆಸರು ತೆಗೆಸಿದೆವು. ಅವತ್ತು ಅತ್ತೆಯ ತಂಬ್ ಬರಲೇ ಇಲ್ಲ. ಜೀವನವೆಲ್ಲಾ ಕಬ್ಬಿನ ಗದ್ದೆಯಲ್ಲಿ ಸವೆದ ಬೆರಳು. ಸೆರಗಿಗೆ ಒರೆಸಿ ಇಟ್ಟರು, ತಲೆಕೂದಲಿಗೆ ಸವರಿ ಇಟ್ಟರು, ಮಷೀನು ಮತ್ತೆ ಮತ್ತೆ ಕೆಂಪು ದೀಪ ತೋರಿಸಿತು. ಕೊನೆಗೆ ಎಡಗೈ ಉಂಗುರದ ಬೆರಳು ಹಿಡಿಯಿತು. ವಯಸ್ಸಾದವರು ಇರುವ ಮನೆಯವರು ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಿಟ್ಟುಕೊಳ್ಳಿ. ಐದು ವರ್ಷ ತುಂಬಿದ ಮಕ್ಕಳಿಗೂ ಬಯೋಮೆಟ್ರಿಕ್ ಕೊಡಿಸಲೇಬೇಕು, ಇಲ್ಲದಿದ್ದರೆ ಇಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತ ಮಾಡುವುದು, ಆಗಲ್ಲ.

ಅರ್ಜಿ ಹಾಕಿದ್ದು ಸರ್ಕಾರಿ ಸೇವಾ ಕೇಂದ್ರವಾದ ಕರ್ನಾಟಕ ಒನ್‌ನಲ್ಲಿ. ಹಳ್ಳಿಯಲ್ಲಾದರೆ ಗ್ರಾಮ ಒನ್. ಸೈಬರ್ ಸೆಂಟರ್ ಒಂದರಲ್ಲಿ "ಕಾರ್ಡ್ ಗ್ಯಾರಂಟಿ ಮಾಡಿಸಿಕೊಡ್ತೀವಿ" ಅಂತ ಸಾವಿರಗಟ್ಟಲೆ ಕೇಳಿದ್ದರು. ಕೊಡಬೇಡಿ. ಕಾರ್ಡ್ ಕೊಡುವುದು ಇಲಾಖೆ, ಸೈಬರಿನವರಲ್ಲ. ಆಮೇಲೆ ಪರಿಶೀಲನೆಗೆ ಬಂದವರು ಮನೆ ನೋಡಿದರು, ಕಾಗದ ನೋಡಿದರು. ಎಲ್ಲಾ ಕಡೆ ಒಂದೇ ವಿಳಾಸ, ಒಂದೇ ಆದಾಯ ಇದ್ದದ್ದರಿಂದ ಮಾತು ಬೇಗ ಮುಗಿಯಿತು.

2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಬಿಪಿಎಲ್‌ನಲ್ಲಿ ತಲೆಗೆ 5 ಕೆಜಿ, ಅದರ ಮೇಲೆ ರಾಜ್ಯದ ಅನ್ನಭಾಗ್ಯ. ತೀರಾ ಬಡ ಕುಟುಂಬಗಳಿಗೆ ಅಂತ್ಯೋದಯ ಕಾರ್ಡ್ ಇದೆ, ಅದರಲ್ಲಿ ಜನ ಎಷ್ಟೇ ಇದ್ದರೂ ಕಾರ್ಡಿಗೆ 35 ಕೆಜಿ. ಒಂಟಿ ವಿಧವೆಯರು, ದುಡಿಯಲಾಗದ ಮುದುಕರು ನಿಮ್ಮ ಬೀದಿಯಲ್ಲಿದ್ದರೆ ದಯವಿಟ್ಟು ಇದನ್ನು ಹೇಳಿ, ಅವರಿಗೆ ಯಾರೂ ಹೇಳಿರುವುದಿಲ್ಲ.

ಅಂಗಡಿಯಲ್ಲಿ ತೂಕ ಕಡಿಮೆ ಬಂದರೆ, ಅಕ್ಕಿ ಕೊಡಲ್ಲ ಅಂದರೆ 1967ಕ್ಕೆ ಫೋನ್ ಮಾಡಿ. ಕಾರ್ಡ್ ನಂಬರ್, ಅಂಗಡಿ ನಂಬರ್ ಎರಡೂ ಕೈಯಲ್ಲಿರಲಿ.