ತಿರುಪು ತಿರುಗಿಸುವ ಮುನ್ನ ಡ್ರೈವರ್‌ನ ಮುಖ ನೋಡಿ

ಗಾಲ್ಫ್‌ನಲ್ಲಿ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಕೋಲು, ಡ್ರೈವರ್. ಹೊಸದನ್ನು ಕೊಂಡರೆ ಸಾಮಾನ್ಯವಾಗಿ ಅದರ ಜೊತೆಗೆ ತಿರುಪು ತಿರುಗಿಸುವ ಒಂದು ಪುಟ್ಟ ರೆಂಚ್ ಬರುತ್ತದೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಚೆಂಡು ಬಲಕ್ಕೆ ವಾಲಿತೇ, ತಲೆಯಲ್ಲಿನ ತೂಕ ಹೀಲ್ ಕಡೆಗೆ, ಅಂದರೆ ಶಾಫ್ಟ್ (ಕೋಲಿನ ದಂಡ) ಸೇರುವ ಬದಿಗೆ. ತಗ್ಗಿನಲ್ಲಿ ಹಾರಿತೇ, ಲಾಫ್ಟ್ (ಚೆಂಡಿಗೆ ಬಡಿಯುವ ಮುಖದ ವಾಲು ಕೋನ) ಒಂದು ಡಿಗ್ರಿ ಮೇಲಕ್ಕೆ. ನಾನೂ ಆರು ತಿಂಗಳು ಹೀಗೆ ತಿರುಪು ತಿರುವುತ್ತಲೇ ಕಳೆದೆ. ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವ ದೋಷ, ಮಾತ್ರ ಹಾಗೆಯೇ ಇತ್ತು. ಒಂದು ಬೆಳಗ್ಗೆ ಬೆಂಗಳೂರಿನ ಡ್ರೈವಿಂಗ್ ರೇಂಜ್ (ಗಾಲ್ಫ್ ಅಭ್ಯಾಸದ ಮೈದಾನ) ಒಂದರಲ್ಲಿ, ಆಟಗಾರರ ಬ್ಯಾಗ್ ಹೊರುವ ಹಿರಿಯ ಕ್ಯಾಡಿಯೊಬ್ಬರು ಪಕ್ಕಕ್ಕೆ ಬಂದು ನಿಂತರು. "ಸಾರ್, ಚೆಂಡು ಎಲ್ಲಿ ಬೀಳುತ್ತಿದೆ ಎಂದು ನೋಡಿದ್ದೀರಾ?" ನಾನು ದೂರದ ಬಲಬದಿಯ ಬಲೆಯತ್ತ ಕೈ ತೋರಿಸಿದೆ. ಅವರು ನಕ್ಕು, "ಆ ಕಡೆ ಅಲ್ಲ, ಈ ಕಡೆ" ಎಂದು ನನ್ನ ಡ್ರೈವರ್‌ನ ಮುಖವನ್ನು ತಿರುಗಿಸಿ ತೋರಿಸಿದರು.

ಅವರು ಕಲಿಸಿದ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ಎಡ ಬಲಗಳೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿವೆ. ಎಡಗೈಯವರು ಅದಲುಬದಲು ಮಾಡಿಕೊಳ್ಳಬೇಕು.

ಗುರುತು ಮೂಡಿಸಿ

ಔಷಧ ಅಂಗಡಿಯಲ್ಲಿ ಸಿಗುವ, ಪಾದಕ್ಕೆ ಸಿಂಪಡಿಸುವ ಪುಡಿಯ ಸ್ಪ್ರೇ ಸಾಕು. ಡ್ರೈವರ್‌ನ ಮುಖದ ಮೇಲೆ ತೆಳ್ಳಗೆ, ಬೂದಿ ಹಚ್ಚಿದಂತೆ ಹೊಡೆಯಿರಿ. ಅದಿಲ್ಲದಿದ್ದರೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಮೇಲೆ ಕಾಸಿನಗಲದ ಚುಕ್ಕೆ ಬಳಿದು, ಚುಕ್ಕೆ ಕ್ಲಬ್‌ನತ್ತ ಇರುವಂತೆ ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಮೇಲಿಡಿ. ಹೊಡೆದಾಗ ಶಾಯಿ ಮುಖಕ್ಕೆ ಅಂಟುತ್ತದೆ. ಹತ್ತು ಚೆಂಡು ಹೊಡೆದು ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಈ ಹತ್ತು ಹೊಡೆತಗಳಲ್ಲಿ ಚೆಂಡು ಎಷ್ಟು ದೂರ ಹೋಯಿತೆಂದು ನೋಡಲೇಬೇಡಿ. ಇದು ಹೇಳುವಷ್ಟು ಸುಲಭವಲ್ಲ.

ನನ್ನ ಹತ್ತರಲ್ಲಿ ಏಳು ಗುರುತುಗಳು ಹೀಲ್ ಪಕ್ಕದಲ್ಲಿ ಒಂದರ ಮೇಲೊಂದು ಕೂತಿದ್ದವು. ನಡುವಿನಲ್ಲಿ ಒಂದೂ ಇರಲಿಲ್ಲ. ಆರು ತಿಂಗಳ ರೆಂಚ್ ಕೆಲಸ ಯಾಕೆ ದಂಡವಾಯಿತೆಂದು ಆ ಒಂದು ಚಿತ್ರ ಹೇಳಿಬಿಟ್ಟಿತು.

ಕಾರಣ ಇಷ್ಟು. ಡ್ರೈವರ್‌ನ ಮುಖ ಚಪ್ಪಟೆಯಾಗಿ ಕಂಡರೂ ಸ್ವಲ್ಪ ಉಬ್ಬಿರುತ್ತದೆ. ಜೊತೆಗೆ ತಲೆಯ ತೂಕದ ಕೇಂದ್ರ ಮುಖದಿಂದ ಸಾಕಷ್ಟು ಹಿಂದಿರುತ್ತದೆ. ಚೆಂಡು ನಡುವನ್ನು ಬಿಟ್ಟು ಬಡಿದರೆ ತಲೆ ಗಿರ್ರನೆ ಒಂದಿಷ್ಟು ತಿರುಗುತ್ತದೆ. ಆಗ ಮುಖ ಮತ್ತು ಚೆಂಡು ಎರಡು ಹಲ್ಲಿನ ಚಕ್ರಗಳಂತೆ ವರ್ತಿಸಿ, ಚೆಂಡಿಗೆ ವಿರುದ್ಧ ದಿಕ್ಕಿನ ಸುತ್ತು ಕೊಡುತ್ತವೆ. ಟೋ ಕಡೆ, ಅಂದರೆ ಹೀಲ್‌ಗೆ ಎದುರಿನ ತುದಿಗೆ, ಬಡಿದ ಚೆಂಡು ಎಡಕ್ಕೆ ಬಾಗುತ್ತದೆ, ಹೀಲ್ ಕಡೆ ಬಡಿದದ್ದು ಬಲಕ್ಕೆ. ಇದಕ್ಕೆ ಗಿಯರ್ ಎಫೆಕ್ಟ್ ಎನ್ನುತ್ತಾರೆ. ಮೇಲೆ ಕೆಳಗೆ ಕೂಡ ಇದೇ ಆಟ: ಮುಖದ ಮೇಲ್ಭಾಗಕ್ಕೆ ತಗಲಿದರೆ ಹಿಂಸುತ್ತು (ಚೆಂಡು ಹಿಮ್ಮುಖವಾಗಿ ಸುತ್ತುವುದು) ಕಡಿಮೆ, ಕೆಳಭಾಗಕ್ಕೆ ತಗಲಿದರೆ ಹೆಚ್ಚು. ಹಾಗಾಗಿ ಸ್ಲೈಸ್ ಎಂದ ಕೂಡಲೇ ಸ್ವಿಂಗ್ ಕೆಟ್ಟಿದೆ, ಮುಖ ತೆರೆದಿದೆ (ಗುರಿಯ ಬಲಕ್ಕೆ ನೋಡುತ್ತಿದೆ) ಎಂದುಕೊಳ್ಳಬೇಕಿಲ್ಲ. ಒಳ್ಳೆಯ ಸ್ವಿಂಗಿನಲ್ಲೂ ಹೀಲ್‌ಗೆ ಬಡಿದ ಚೆಂಡು ಬಲಕ್ಕೆ ಬಾಗುತ್ತದೆ.

ಗುರುತುಗಳು ಹೀಲ್ ಅಥವಾ ಟೋ ಬದಿಗೆ ಗುಂಪಾಗಿದ್ದರೆ ಮೊದಲು ಚೆಂಡಿಗೂ ನಿಮಗೂ ಇರುವ ಅಂತರವನ್ನು ಅರ್ಧ ಇಂಚು ಬದಲಿಸಿ ನೋಡಿ. ಆಮೇಲೆ ಗ್ರಿಪ್ ಅನ್ನು ಒಂದು ಇಂಚು ಕೆಳಗೆ ಹಿಡಿದು ಹೊಡೆಯಿರಿ. ಅಂಗಡಿಯಲ್ಲಿ ಮಾರುವ ಡ್ರೈವರ್‌ಗಳು ಸಾಮಾನ್ಯವಾಗಿ 45.5 ಇಂಚು ಇಲ್ಲವೇ ಅದಕ್ಕೂ ತುಸು ಹೆಚ್ಚು ಉದ್ದ. ವಾರಕ್ಕೊಮ್ಮೆ ಆಡುವ ನಮ್ಮಂಥವರಿಗೆ ಅದು ಹೆಚ್ಚೇ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗೆ ಹಿಡಿದ ಮೇಲೆ ನನ್ನ ಗುರುತುಗಳು ನಡುವಿಗೆ ಸರಿದವು. ಅರ್ಧದಷ್ಟು ಸ್ಲೈಸ್ ಅಲ್ಲಿಗೇ ಹೋಯಿತು, ತಿರುಪು ಮುಟ್ಟದೆ.

ಟೀ ಎತ್ತರ

ಕ್ಲಬ್ ನೆಲಕ್ಕೆ ಊರಿದಾಗ ಅರ್ಧ ಚೆಂಡು ತಲೆಯ ಮೇಲಂಚಿಗಿಂತ ಮೇಲೆ ಕಾಣಬೇಕು. ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ಇಡಿ. ಡ್ರೈವರ್ ಮೇಲೇಳುವಾಗ ಚೆಂಡಿಗೆ ತಾಗಬೇಕೆಂಬುದೇ ಇದರ ಉದ್ದೇಶ.

ಇಲ್ಲೊಂದು ಅಡ್ಡಮಾತು. ಟಿವಿಯಲ್ಲಿ ಪುರುಷ ವೃತ್ತಿಪರರನ್ನು ನೋಡಿ ಅವರಂತೆಯೇ 9 ಡಿಗ್ರಿಯ ಡ್ರೈವರ್ ಕೊಳ್ಳುವವರು ನಮ್ಮಲ್ಲಿ ಬಹಳ. ಟ್ರ್ಯಾಕ್‌ಮ್ಯಾನ್ ಎಂಬ, ಹೊಡೆತ ಅಳೆಯುವ ಯಂತ್ರಗಳ ಕಂಪನಿ ಹಿಂದೆ ಪ್ರಕಟಿಸಿದ್ದ ಸರಾಸರಿಗಳ ಪ್ರಕಾರ ಅಮೆರಿಕದ ಪಿಜಿಎ ಟೂರ್ ಆಟಗಾರರ ಕ್ಲಬ್ ವೇಗ ಗಂಟೆಗೆ 113 ಮೈಲಿ. ಅವರು ಚೆಂಡನ್ನು ಸ್ವಲ್ಪ ಕೆಳಮುಖವಾಗಿಯೇ ಹೊಡೆಯುತ್ತಾರೆ. ಎಲ್‌ಪಿಜಿಎ ಆಟಗಾರ್ತಿಯರ ವೇಗ 94 ಮೈಲಿ, ಆದರೆ ಕ್ಲಬ್ 3 ಡಿಗ್ರಿ ಮೇಲಕ್ಕೆ ಏರುತ್ತಿರುತ್ತದೆ, ಚೆಂಡು 13 ಡಿಗ್ರಿಗೂ ಹೆಚ್ಚಿನ ಕೋನದಲ್ಲಿ ಹೊರಡುತ್ತದೆ. ನಮ್ಮ ವೇಗ ಯಾರಿಗೆ ಹತ್ತಿರವೋ ಅವರನ್ನು ನೋಡಿ ಕಲಿಯುವುದು ಜಾಣತನ. ಬೆಂಗಳೂರಿನ ಅದಿತಿ ಅಶೋಕ್ ಬಹಳ ದೂರ ಹೊಡೆಯುವ ಆಟಗಾರ್ತಿಯೇನಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದರು.

ಈಗ ರೆಂಚ್ ತೆಗೆಯಿರಿ

ಗುರುತುಗಳು ಹೆಚ್ಚುಕಡಿಮೆ ನಡುವಿಗೆ ಬಂದಿದ್ದರೆ ಮಾತ್ರ ಮುಂದಿನ ಕೆಲಸ. ಮೊದಲು ಲಾಫ್ಟ್. ಶಾಫ್ಟಿನ ತುದಿಯಲ್ಲಿರುವ ತೋಳಿನಂಥ ಕೊಳವೆ (ಸ್ಲೀವ್) ತುಸು ಓರೆಯಾಗಿ ಕೊರೆದದ್ದು. ಅದನ್ನು ತಿರುಗಿಸಿ ಕೂರಿಸಿದರೆ ಶಾಫ್ಟ್ ತಲೆಯೊಳಗೆ ಬೇರೆ ಕೋನದಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಒಂದೂವರೆ ಇಲ್ಲವೇ ಎರಡು ಡಿಗ್ರಿ ಆಚೀಚೆ ಮಾಡಬಹುದು.

ಹೆಚ್ಚಿನವರು ಎಡವುವುದು ಇಲ್ಲಿಯೇ. 'ಪ್ಲಸ್ ಒಂದು' ಎಂಬಲ್ಲಿಗೆ ತಿರುಗಿಸಿ ಕ್ಲಬ್ಬನ್ನು ನೆಲಕ್ಕೆ ಊರಿ ಕೈ ಸಡಿಲಿಸಿ ನೋಡಿ. ಮುಖ ಎಡಕ್ಕೆ ನೋಡುತ್ತದೆ. ಆ ಮುಖವನ್ನು ಗುರಿಗೆ ನೇರ ಮಾಡಿಕೊಂಡು ಹಿಡಿದಾಗಲೇ ಲಾಫ್ಟ್ ಹೆಚ್ಚುವುದು. ನೇರ ಮಾಡದೆ ಹಾಗೆಯೇ ಹೊಡೆದರೆ ಲಾಫ್ಟ್ ಏರಿಸಿದ್ದೇನೆಂಬ ಭ್ರಮೆಯಲ್ಲಿ ಮುಖ ಮುಚ್ಚಿದ ಕ್ಲಬ್‌ನಿಂದ ಹೊಡೆದಂತಾಗುತ್ತದೆ. ಸ್ಲೈಸ್ ಇರುವವರಿಗೆ ಇದು ವರ, ಹುಕ್ (ಎಡಕ್ಕೆ ಬಾಗುವ ಹೊಡೆತ) ಇರುವವರಿಗೆ ಶಾಪ. 'ಮೈನಸ್' ಕಡೆಗೆ ತಿರುಗಿಸಿದರೆ ಇದೆಲ್ಲ ತಲೆಕೆಳಗು: ಲಾಫ್ಟ್ ಇಳಿಯುತ್ತದೆ, ಮುಖ ಬಲಕ್ಕೆ ತೆರೆಯುತ್ತದೆ. ಸ್ಲೈಸ್ ಹೊಡೆಯುವವರು ದೂರದ ಆಸೆಗೆ ಲಾಫ್ಟ್ ಇಳಿಸಿ, ಸ್ಲೈಸ್ ಇನ್ನಷ್ಟು ಹೆಚ್ಚಿಸಿಕೊಳ್ಳುವುದನ್ನು ಯಾವ ರೇಂಜಿನಲ್ಲಾದರೂ ಕಾಣಬಹುದು.

ತೂಕದ ಕಥೆ ಸರಳ. ಸರಿಸಬಲ್ಲ ತೂಕದ ಡ್ರೈವರ್ ಜನಪ್ರಿಯವಾದದ್ದು 2004ರಲ್ಲಿ ಟೇಲರ್‌ಮೇಡ್ ಕಂಪನಿ ನಾಲ್ಕು ತಿರುಪಿನ ಆರ್7 ಕ್ವಾಡ್ ಹೊರತಂದಾಗ. ತೂಕ ಹೀಲ್ ಕಡೆಗಿದ್ದರೆ ಮುಖ ಬೇಗ ಮುಚ್ಚಿ ಚೆಂಡು ಎಡಕ್ಕೆ ವಾಲುತ್ತದೆ, ಟೋ ಕಡೆಗಿದ್ದರೆ ಬಲಕ್ಕೆ. ಹಿಂದಕ್ಕೆ ತಳ್ಳಿದರೆ ತಪ್ಪು ಹೊಡೆತದ ಶಿಕ್ಷೆ ಕಡಿಮೆ, ಚೆಂಡು ಎತ್ತರಕ್ಕೆ ಹೋಗುತ್ತದೆ. ಮುಂದಕ್ಕೆ ತಂದರೆ ಹಿಂಸುತ್ತು ಇಳಿಯುತ್ತದೆ. ನನ್ನನ್ನು ಕೇಳಿದರೆ ಹವ್ಯಾಸಿಗಳು ಹಿಂದಕ್ಕೇ ಇಟ್ಟು ಮರೆತುಬಿಡುವುದು ಒಳ್ಳೆಯದು.

ಬಿಗಿಯುವಾಗ ಕ್ಲಬ್ ಜೊತೆ ಬಂದ ರೆಂಚನ್ನೇ ಬಳಸಿ, 'ಟಕ್' ಎಂದು ಸದ್ದು ಬಂದಾಗ ನಿಲ್ಲಿಸಿ. ಮನೆಯ ಉಪಕರಣದಿಂದ ಇನ್ನೂ ಒಂದು ಸುತ್ತು ಬಿಗಿದರೆ ತಿರುಪಿನ ಎಳೆ ಸವೆಯುತ್ತದೆ. ಆರೇಳು ಚೆಂಡು ಹೊಡೆದ ಮೇಲೆ ಸಡಿಲವಾಗಿದೆಯೇ ಎಂದು ಮತ್ತೊಮ್ಮೆ ನೋಡಿ.

ಶಾಫ್ಟ್ ಬದಲಿಸಬೇಕೆನಿಸಿದರೆ ಕೊಳ್ಳುವ ಮುಂಚೆ ಹೊಡೆದು ನೋಡಿ. ಶಾಫ್ಟಿನ ಬಿಗಿತ ಹೇಳುವ ರೆಗ್ಯುಲರ್, ಸ್ಟಿಫ್ ಎಂಬ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಸ್ಟಿಫ್ ಇನ್ನೊಂದರ ರೆಗ್ಯುಲರ್‌ನಷ್ಟೇ ಮೆದುವಾಗಿರಬಹುದು.

ಹೋಲಿಸುವ ಬಗೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸೆಟಿಂಗ್ ಹೋಲಿಸುವುದಿದ್ದರೆ ಮೊದಲನೆಯದರಲ್ಲಿ ಇಪ್ಪತ್ತು ಹೊಡೆದು ಎರಡನೆಯದಕ್ಕೆ ಹೋಗಬೇಡಿ. ಆ ಹೊತ್ತಿಗೆ ಮೈ ಬಿಸಿಯಾಗಿರುತ್ತದೆ ಇಲ್ಲವೇ ಸೋತಿರುತ್ತದೆ. ಐದು ಇದರಲ್ಲಿ, ಐದು ಅದರಲ್ಲಿ, ಮತ್ತೆ ಐದು ಇದರಲ್ಲಿ ಎಂದು ಬದಲಿಸುತ್ತ ಹೋಗಿ. ಮೂವತ್ತಕ್ಕೆ ನಿಲ್ಲಿಸಿ. ಐದರಲ್ಲಿ ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ನಡುವಿನ ಮೂರನ್ನು ಬರೆದುಕೊಳ್ಳಿ. ಅತಿ ದೂರ ಹೋದ ಆ ಒಂದು ಚೆಂಡು ಎಲ್ಲರನ್ನೂ ಮೋಸ ಮಾಡುತ್ತದೆ. ಅದು ಸೆಟಿಂಗಿನ ಗುಣವಲ್ಲ, ಅದೃಷ್ಟದ್ದು.

ರೇಂಜಿನ ಸವೆದ ಚೆಂಡುಗಳಿಂದ ದೂರ ಅಳೆಯಬೇಡಿ. ದಿಕ್ಕು ನೋಡಲು ಅವು ಸಾಕು, ದೂರಕ್ಕೆ ನೀವು ಆಡುವ ಚೆಂಡೇ ಬೇಕು. ಲಾಂಚ್ ಮಾನಿಟರ್ (ಹೊಡೆತದ ವೇಗ, ಕೋನ ಅಳೆಯುವ ಯಂತ್ರ) ಇರುವ ಕಡೆ ಅರ್ಧ ಗಂಟೆ ಸಿಕ್ಕಿದರೆ ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿ ನೋಡಿ. 1.5ಕ್ಕೆ ಎಷ್ಟು ಹತ್ತಿರವೋ ಅಷ್ಟು ಚೆನ್ನಾಗಿ ನಡುವಿಗೆ ಬಡಿಯುತ್ತಿದೆ ಎಂದರ್ಥ. ಪುಡಿ ಹೇಳಿದ್ದನ್ನೇ ಯಂತ್ರ ಅಂಕಿಯಲ್ಲಿ ಹೇಳುತ್ತದೆ. ಇನ್ನೊಂದು ಎಚ್ಚರ: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿ ಬರೆದುಕೊಂಡ ದೂರವನ್ನು ಕಡಲತಡಿಯ ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನದಲ್ಲಿ ನಿರೀಕ್ಷಿಸಬೇಡಿ.

ಕೊನೆಗೆ ನಿಯಮ. ಆಟ ಶುರುವಾದ ಮೇಲೆ ಸುತ್ತಿನ ನಡುವೆ ಸೆಟಿಂಗ್ ಬದಲಿಸುವಂತಿಲ್ಲ. ಬದಲಿಸಿ, ಮೊದಲಿನಂತೆ ಮಾಡದೆ ಆ ಕ್ಲಬ್‌ನಿಂದ ಒಂದು ಹೊಡೆತ ಹೊಡೆದರೂ ಸ್ಪರ್ಧೆಯಿಂದಲೇ ಹೊರಗೆ. ಎರಡು ಸ್ಲೈಸ್ ಬಿದ್ದ ಮೇಲೆ ಮೂರನೇ ಟೀಯಲ್ಲಿ ಕೈ ತುರಿಸುವುದು ನನಗೆ ಗೊತ್ತು. ಅದಕ್ಕೇ ನನ್ನ ರೆಂಚ್ ಈಗ ಬ್ಯಾಗಿನಲ್ಲಿರುವುದಿಲ್ಲ, ಕಾರಿನ ಡಿಕ್ಕಿಯಲ್ಲಿರುತ್ತದೆ. ಪುಡಿಯ ಡಬ್ಬಿ ಮಾತ್ರ ಬ್ಯಾಗಿನಲ್ಲೇ ಇದೆ.