ಒಡೆಯದ ಏಳು ಪೀಸುಗಳ ಲೆಕ್ಕ

ಹೊಸೂರಿನಲ್ಲಿ ಗಾಡಿ ಬಿಡಿಭಾಗ ಮಾಡುವ ಶೆಡ್‌ಗಳಿಗೆ ಬರವಿಲ್ಲ. ನಮ್ಮದು ಬಾಗಲೂರು ರಸ್ತೆ ಕಡೆಯ ಸಣ್ಣ ಟೆಸ್ಟಿಂಗ್ ಲ್ಯಾಬ್. ಒಂದು ದಿನ ಒಬ್ಬ ಶೆಡ್ ಮಾಲೀಕರು ಇಎನ್ 19 ಸ್ಟೀಲಿನ ರಾಡ್ ತಂದು, "ಇದರ ಫಟೀಗ್ ಸ್ಟ್ರೆಂತ್ ಎಷ್ಟು ಸಾರ್, ಒಂದು ನಂಬರ್ ಹೇಳಿ ಸಾಕು" ಅಂದರು. ಫಟೀಗ್ ಸ್ಟ್ರೆಂತ್ ಅಂದರೆ, ಮತ್ತೆ ಮತ್ತೆ ಭಾರ ಬಿದ್ದರೂ ಲೋಹ ಒಡೆಯದೆ ಎಷ್ಟರವರೆಗೆ ತಡೆಯುತ್ತದೆ ಅನ್ನುವುದು.

ಸುಮ್ನೆ ಹೇಳುವುದಾದರೆ ಕಷ್ಟವೇ ಇಲ್ಲ. ಎಳೆದು ಮುರಿಯುವ ಪರೀಕ್ಷೆಯಲ್ಲಿ ಸುಮಾರು 900 ಮೆಗಾಪ್ಯಾಸ್ಕಲ್ (ಲೋಹದ ಮೇಲೆ ಬೀಳುವ ಒತ್ತಡದ ಅಳತೆ) ಬಂದಿತ್ತು, ಸ್ಟೀಲಿಗೆ ಅದರ ಅರ್ಧ ಹಿಡಿಯಿರಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಅಂದಾಜು, ಅಂದರೆ 450. ಆದರೆ ಅದು ನುಣುಪಾಗಿ ಪಾಲಿಶ್ ಮಾಡಿದ ಸಣ್ಣ ಪೀಸಿನ ಮಾತು, ಅದೂ ಬರೀ ಅಂದಾಜು. ಹಾಗಾಗಿ ಮೆಟ್ಟಿಲು ವಿಧಾನ ಹಿಡಿದೆ.

ವಿಧಾನ ಸರಳ. ಪೀಸಿಗೆ ತೂಕ ನೇತು ಹಾಕಿ ತಿರುಗಿಸುವುದು. 1 ಕೋಟಿ ಸುತ್ತು ತಡೆದರೆ ಮುಂದಿನ ಪೀಸಿಗೆ 15 ಮೆಗಾಪ್ಯಾಸ್ಕಲ್ ಜಾಸ್ತಿ, ಒಡೆದರೆ 15 ಕಡಿಮೆ. ನಮ್ಮ ಮೆಷಿನ್ ನಿಮಿಷಕ್ಕೆ 3000 ಸುತ್ತು, ಅಂದರೆ ಒಡೆಯದ ಒಂದೊಂದು ಪೀಸಿಗೂ 55 ಗಂಟೆಗೆ ಮೇಲೆ! ನಡುವೆ ಕರೆಂಟ್ ಹೋದರೆ ಓಡಿಹೋಗಿ ತೂಕ ಇಳಿಸಬೇಕು, ಬಂದ ಮೇಲೆ ಮತ್ತೆ ಹಾಕಬೇಕು. ಆ ತಿಂಗಳು ಮನೆಯವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

450ರಿಂದ ಶುರು ಮಾಡಿದೆ. ಮೊದಲನೆಯದು ಉಳಿಯಿತು. 465ರಲ್ಲಿ ಒಡೆಯಿತು, 450ರಲ್ಲೂ ಒಡೆಯಿತು. 435ಕ್ಕೆ ಇಳಿಸಿದರೆ 60 ಸಾವಿರ ಸುತ್ತಿಗೇ ಟಪ್ ಅಂತ ಹೋಯಿತು. ಇಷ್ಟು ಬೇಗ ಹೋಗಬಾರದಲ್ವಾ? ಒಡೆದ ಮುಖವನ್ನು ಲೆನ್ಸ್ ಕೆಳಗೆ ಹಿಡಿದೆ. ಬಿರುಕು ಶುರುವಾದದ್ದು ನಡುಭಾಗದಲ್ಲಲ್ಲ, ದಪ್ಪ ತುದಿಗೆ ಸೇರುವ ತಿರುವಿನಲ್ಲಿ. ಅಲ್ಲಿ ಕೂದಲೆಳೆಯಂಥ ಒಂದು ಗೆರೆ ಸುತ್ತಲೂ ಓಡಿತ್ತು, ಅಲ್ಲಿಂದ ಅರ್ಧಚಂದ್ರದ ಹಾಗೆ ಬಿರುಕು ಒಳಗೆ ಹರಡಿತ್ತು. ಲೇತ್ ಹುಡುಗನನ್ನು ಕೇಳಿದರೆ, "ಎಮರಿ ಪೇಪರ್ ಹಾಕಿ ಚೆನ್ನಾಗಿ ಉಜ್ಜಿದ್ದೀನಣ್ಣಾ" ಅಂದ. ಉಜ್ಜಿದ್ದ ನಿಜ, ರಾಡನ್ನು ಲೇತಿನಲ್ಲಿ ತಿರುಗಿಸುತ್ತಾ ಸುತ್ತಲೂ ಉಜ್ಜಿದ್ದ. ಕೊನೆಯ ಉಜ್ಜು ಉದ್ದಕ್ಕೇ ಇರಬೇಕು, ಅಡ್ಡ ಗೆರೆ ಉಳಿದರೆ ಅದೇ ಬಿರುಕಿಗೆ ಬಾಗಿಲು. ಆ ಪೀಸನ್ನು ಲೆಕ್ಕದಿಂದ ತೆಗೆದು, ಉಳಿದ ಎಲ್ಲವನ್ನೂ ಉದ್ದಕ್ಕೆ ಉಜ್ಜಿಸಿ, ಅದೇ 435ರಲ್ಲಿ ಬೇರೆ ಪೀಸ್ ಹಾಕಿದೆ. ಅದೂ ಒಡೆಯಿತು, ಆದರೆ ನಡುಭಾಗದಲ್ಲಿ, ಲಕ್ಷಗಟ್ಟಲೆ ಸುತ್ತು ತಿರುಗಿದ ಮೇಲೆ. ಇದು ಲೆಕ್ಕಕ್ಕೆ ಬರುತ್ತದೆ.

ಆ ತೆಗೆದದ್ದು ಬಿಟ್ಟು ಒಟ್ಟು 15 ಪೀಸ್. 8 ಒಡೆದವು, 7 ಉಳಿದವು. ಆ 7ಕ್ಕೇ 16 ದಿನ ಹೋಯಿತು. ಉಳಿದ ಪೀಸನ್ನೇ ಇನ್ನಷ್ಟು ತೂಕ ಹಾಕಿ ಮತ್ತೆ ಓಡಿಸಬಾರದಾ, ದುಡ್ಡು ಉಳಿಯುತ್ತೆ ಅಂತ ಮಾಲೀಕರು ಕೇಳಿದರು. ಬೇಡ ಅಂದೆ. ಕಡಿಮೆ ಭಾರದಲ್ಲಿ ತಿರುಗಿ ತಿರುಗಿ ಕೆಲವು ಸ್ಟೀಲ್ ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ಬರುವ ನಂಬರ್ ಸುಳ್ಳು ಹೇಳುತ್ತದೆ.

ಲೆಕ್ಕದಲ್ಲಿ ಹಿಂದೆ ಒಮ್ಮೆ ನಾನೇ ಎಡವಿದ್ದೆ. ಉಳಿದ ಪೀಸುಗಳನ್ನು 1 ಕೋಟಿಗೆ ಒಡೆದವು ಅಂತ ಎಕ್ಸೆಲ್‌ನಲ್ಲಿ ಹಾಕಿ, ಎಷ್ಟು ಭಾರಕ್ಕೆ ಎಷ್ಟು ಸುತ್ತು ಅನ್ನುವ ಗೆರೆ ಎಳೆದಿದ್ದೆ, ಗೆರೆಯ ಇಳಿಜಾರೇ ಬದಲಾಗಿತ್ತು. ಅವು ಒಡೆದಿಲ್ಲವಲ್ಲ! ಈ ಸಲ ಡಿಕ್ಸನ್ ಮತ್ತು ಮೂಡ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1948ರಲ್ಲಿ ಕೊಟ್ಟ ದಾರಿ ಹಿಡಿದೆ. ಒಡೆದದ್ದು, ಉಳಿದದ್ದು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಎಣಿಸಬೇಕು. ನನಗೆ ಉಳಿದವು 7: 420ರಲ್ಲಿ 3, 435ರಲ್ಲಿ 3, 450ರಲ್ಲಿ 1. ಕೆಳಗಿನ ಮೆಟ್ಟಿಲಿಗೆ 0, ಆಮೇಲೆ 1, 2 ಅಂತ ನಂಬರ್ ಕೊಟ್ಟು, ಪೀಸಿನ ಸಂಖ್ಯೆಯಿಂದ ಗುಣಿಸಿ ಕೂಡಿದರೆ 5. ಅದನ್ನು 7ರಿಂದ ಭಾಗಿಸಿ, ಉಳಿದವನ್ನು ಎಣಿಸಿದ್ದರಿಂದ ಅರ್ಧ ಕೂಡಿಸಿ, 15ರಿಂದ ಗುಣಿಸಿ, 420ಕ್ಕೆ ಸೇರಿಸಿದರೆ 438. ಒಡೆದವನ್ನು ಎಣಿಸಿದ್ದರೆ ಅರ್ಧ ಕಳೆಯಬೇಕಿತ್ತು. ಇನ್ನೊಂದು ಸೂತ್ರದಿಂದ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 12.6 ಬಂತು. ನನ್ನ 15ರ ಮೆಟ್ಟಿಲಿಗೆ ಅದು ಹತ್ತಿರವೇ ಇದೆ, ಮೆಟ್ಟಿಲು ತೀರಾ ದೊಡ್ಡದಾಗಲಿಲ್ಲ ಅಂತ ಸಮಾಧಾನ.

ಮಾಲೀಕರಿಗೆ 438 ಕಂಡಿದ್ದೇ ಖುಷಿ. "ಸಾರ್, 438 ಅಂದರೆ ಅಷ್ಟು ಭಾರಕ್ಕೆ ಅರ್ಧ ಪೀಸ್ ಒಡೆಯುತ್ತವೆ, ಅರ್ಧ ಉಳಿಯುತ್ತವೆ" ಅಂದೆ. ಮುಖ ಸಣ್ಣದಾಯಿತು. ನೂರಕ್ಕೆ 90 ಪೀಸ್ ಉಳಿಯಬೇಕು, ಆ ಮಾತು ಶೇಕಡಾ 95 ಭರವಸೆಯಿಂದ ಹೇಳಬೇಕು ಅಂದರೆ, 7 ಪೀಸಿನ ಲೆಕ್ಕಕ್ಕೆ ಏರುಪೇರನ್ನು 2.755ರಿಂದ ಗುಣಿಸಿ ಕಳೆಯಬೇಕು. 403 ಉಳಿಯುತ್ತದೆ. ಅದೂ ಪಾಲಿಶ್ ಮಾಡಿದ ಪೀಸಿಗೆ. ಅವರ ಶೆಡ್ಡಿನ ಶಾಫ್ಟಿನಲ್ಲಿ ಕೀ ಕೂರಿಸುವ ತೋಡು ಬೇರೆ ಇದೆ, ಅದಕ್ಕೆ ಇನ್ನೂ ಇಳಿಸಬೇಕು.

ರಿಪೋರ್ಟಿನಲ್ಲಿ ಎರಡೂ ನಂಬರ್ ಬರೆದೆ, ತೆಗೆದ ಪೀಸಿನ ಫೋಟೋ ಸಮೇತ. ಅವರು 438ರ ಕೆಳಗೆ ಪೆನ್ನಿನಿಂದ ಗೆರೆ ಹಾಕಿಕೊಂಡು, ಸ್ವಲ್ಪ ಹೊತ್ತು ನೋಡಿ, ಅದನ್ನು ಹೊಡೆದು ಹಾಕಿ 403ಕ್ಕೆ ಸುತ್ತು ಹಾಕಿದರು.